ನಮ್ಮ ಹೆಣ್ಣುಮಕ್ಕಳೂ ಜೀನೋಮಿನ ವಿದ್ಯೆಯೂ

ಹತ್ತನೆಯ ಇಯತ್ತೆಯನ್ನು ದಾಟಿದ ಹುಡುಗಿಯು ಮುಂದೆ ಏನು ಓದಬೇಕೆಂಬ ಪ್ರಶ್ನೆಗೆ ನಮ್ಮ ಸೀಮೆಯ ತಾಯಿತಂದೆಗಳ ಬಳಿ ಬಹುಕಾಲದಿಂದ ಮೂರೇ ಉತ್ತರಗಳು ಸಿದ್ಧವಾಗಿರುವವು: ಶಿಕ್ಷಕಿಯಾಗಲಿ, ದಾದಿಯಾಗಲಿ, ದೈವ ಒಲಿದರೆ ವೈದ್ಯೆಯಾಗಲಿ. ಈ ಮೂರೂ ಗೌರವದ ವೃತ್ತಿಗಳೇ ಸರಿ. ನಮ್ಮ ಶಾಲೆಯ ಎಷ್ಟೋ ವಿದ್ಯಾರ್ಥಿನಿಯರು ಅವುಗಳಿಂದ ತಮ್ಮ ಮನೆತನಗಳನ್ನು ಎತ್ತಿ ನಿಲ್ಲಿಸಿರುವರು. ಆದರೆ ನಾಲ್ಕನೆಯ ಉತ್ತರವೊಂದು ಈಗ ಹುಟ್ಟಿಕೊಂಡಿರುವದು; ಅದರ ಹೆಸರನ್ನು ಕೇಳಿದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವರು. ಬಯೋಇನ್ಫರ್ಮೆಟಿಕ್ಸ್, ಅಂದರೆ ಜೀವಿಗಳ ಒಳಗಿನ ಬರಹವನ್ನು ಗಣಕಯಂತ್ರದ ಸಹಾಯದಿಂದ ಓದುವ ವಿದ್ಯೆ. ಅದು ನಮ್ಮ ಹೆಣ್ಣುಮಕ್ಕಳಿಗೆ ದೂರದ್ದಲ್ಲ, ಅರ್ಧ ಭಾಗವು ಆಗಲೇ ಅವರ ಕೈಯಲ್ಲಿ ಇದೆ ಎಂಬದೇ ನಮ್ಮ ಮತವು.

ಕರ್ಜಗಿಯ ಹೆಸರು ಒಂದು ಕಾಲಕ್ಕೆ ಇಡೀ ತಾಲೂಕಿನದಾಗಿತ್ತು. ಕಚೇರಿಯು ಹಾವೇರಿಯಲ್ಲಿದ್ದರೂ ಮುಂಬಯಿ ಸರಕಾರದ ಕಾಗದಗಳಲ್ಲಿ ಕರ್ಜಗಿ ತಾಲೂಕೆಂದೇ ಬರೆಯುತ್ತಿದ್ದರು. ಇಂದು ಆ ಸ್ಟೇಶನ್ನಿನಲ್ಲಿ ಬೆಂಗಳೂರ ಕಡೆಯ ಗಾಡಿಯನ್ನು ಹತ್ತಿದರೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಹಿಂದೊಂದಾಗಿ ಬರುವವು. ಹಾದಿಯ ಎರಡೂ ಬದಿಗೆ ಹತ್ತಿ, ಮೆಣಸಿನಕಾಯಿ, ಗೋವಿನಜೋಳ. ಇದು ಬೀಜದ ಸೀಮೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಾತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ಹೊರತಂದರು. ಸಂಕರ ಬೀಜವನ್ನು ಪ್ರತಿವರ್ಷವೂ ಹೊಸದಾಗಿ ಕೈಯಿಂದಲೇ ಹುಟ್ಟಿಸಬೇಕು. ಅಂದಿನಿಂದ ಆ ಕೈಗಳು ಹೆಚ್ಚಾಗಿ ಹೆಂಗಸರವು, ಎಷ್ಟೋ ಸಲ ಎಳೆಯ ಹುಡುಗಿಯರವು. ನಾಳೆ ಅರಳಲಿರುವ ಮೊಗ್ಗನ್ನು ಗುರುತಿಸಿ, ಉಗುರಿನಿಂದ ಎಸಳನ್ನೂ ಕೇಸರವನ್ನೂ ಬಿಡಿಸಿ, ನಡುವಿನ ಎಳೆಗೆ ನೋವಾಗದಂತೆ ಕಾಯ್ದು, ಮರುದಿನ ಮುಂಜಾನೆ ಗಂಡುಸಾಲಿನ ಹೂವಿನ ಪರಾಗವನ್ನು ಅದಕ್ಕೆ ಸವರುವದು. ರಾಣೇಬೆನ್ನೂರಿನ ಸುತ್ತ ಟೊಮೆಟೊ, ಮೆಣಸಿನ ಗಿಡಗಳಲ್ಲಿಯೂ ಇದೇ ಕೆಲಸ. ಹೊಲದಲ್ಲಿ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಈ ಕ್ರಾಸಿಂಗಿನ ದಿನಗಳಲ್ಲಿ ಹಳ್ಳಿಯ ಶಾಲೆಗಳ ಹಾಜರಿಪಟದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯು ಸಾಲಾಗಿ ಬಿದ್ದ ವರ್ಷಗಳುಂಟು.

ವಾಚಕರು ಒಂದು ಸಂಗತಿಯನ್ನು ಯೋಚಿಸಬೇಕು. ಗ್ರೆಗೋರ್ ಮೆಂಡೆಲನೆಂಬ ಸನ್ಯಾಸಿಯು 1856ರಿಂದ ಬ್ರೂನ್ ಪಟ್ಟಣದ ಮಠದ ತೋಟದಲ್ಲಿ ಬಟಾಣಿಯ ಹೂವುಗಳಿಗೆ ಮಾಡಿದ್ದು ಇದನ್ನೇ. ಅವನ ಬೆರಳುಗಳು ನಮ್ಮ ಗುತ್ತಲದ ಇಲ್ಲವೆ ಹಲಗೇರಿಯ ಹುಡುಗಿಯ ಬೆರಳುಗಳಿಗಿಂತ ಹೆಚ್ಚು ಕುಶಲವಾಗಿದ್ದವೆಂದು ನಾವು ನಂಬಲಾರೆವು. ಆದರೆ ಅವನು ಹುಟ್ಟಿದ ಕಾಳುಗಳನ್ನು ಎಣಿಸಿದನು, ಬರೆದಿಟ್ಟನು, ಲೆಕ್ಕ ಹಾಕಿದನು. ಅದರಿಂದ ವಂಶವಾಹಿಯ ಶಾಸ್ತ್ರವು ಹುಟ್ಟಿತು. ನಮ್ಮ ಸೀಮೆಯಲ್ಲಿ ಬೆರಳಿನ ಕೆಲಸವು ಹೆಣ್ಣುಮಗಳಿಗೆ ದಿನಗೂಲಿಯಾಗಿ ಬಂದಿತು. ಎಣಿಸುವ, ಓದುವ, ತೀರ್ಮಾನಿಸುವ ಕೆಲಸವು ಬೇರೆ ಊರಿನ ಬೇರೆಯವರ ಪಾಲಾಯಿತು. ಈ ಪಾಲು ನ್ಯಾಯವಾದದ್ದಲ್ಲ.

ಈಗ ಓದುವ ಆ ಕೆಲಸವೇನೆಂಬದನ್ನು ಹೇಳುವೆವು. ಪ್ರತಿಯೊಂದು ಜೀವಿಯ ಕಣಕಣದಲ್ಲಿಯೂ ಡಿ.ಎನ್.ಎ. ಎಂಬ ನೀಳವಾದ ಎಳೆಯಿರುವದು. ಅದರಲ್ಲಿ ನಾಲ್ಕೇ ಅಕ್ಷರಗಳ ಬರಹ. ಒಂದು ಜೀವಿಯ ಆ ಬರಹವೆಲ್ಲ ಕೂಡಿ ಅದರ ಜೀನೋಮು. ಮನುಷ್ಯನದು ಸುಮಾರು 300 ಕೋಟಿ ಅಕ್ಷರಗಳದ್ದು. ಮೊದಲ ಸಲ ಅದನ್ನು ಓದಲು ಹಲವು ದೇಶಗಳ ವಿದ್ವಾಂಸರಿಗೆ 13 ವರ್ಷಗಳು ಹಿಡಿದು 2003ರಲ್ಲಿ ಆ ಕಾರ್ಯವು ಮುಗಿಯಿತೆಂದು ಸಾರಲಾಯಿತು. ಇಂದು ಅದೇ ಕೆಲಸವನ್ನು ಯಂತ್ರವು ಕೆಲವು ದಿನಗಳಲ್ಲಿ ಮಾಡುವದು. ಆದರೆ ಹೆಚ್ಚಿನ ಯಂತ್ರಗಳು ಬರಹವನ್ನು ಇಡಿಯಾಗಿ ಕೊಡುವದಿಲ್ಲ. ನೂರೈವತ್ತು ಅಕ್ಷರಗಳಷ್ಟು ಚಿಕ್ಕ ಚಿಕ್ಕ ತುಣುಕುಗಳನ್ನು ಕೋಟಿಗಟ್ಟಲೆ ಸುರಿಯುವದು. ಒಂದು ಕಾವ್ಯದ ಐವತ್ತು ಓಲೆಯ ಪ್ರತಿಗಳನ್ನು ಗೆದ್ದಲು ತಿಂದು ಚೂರು ಮಾಡಿದರೆ, ಹೊಂದುವ ಚೂರುಗಳನ್ನು ಜೋಡಿಸಿ, ಪಾಠಾಂತರಗಳನ್ನು ಗುರುತಿಸಿ, ಲಿಪಿಕಾರನ ತಪ್ಪು ಯಾವದು, ನಿಜವಾದ ಭೇದ ಯಾವದು ಎಂದು ಗ್ರಂಥಸಂಪಾದಕರು ನಿರ್ಣಯಿಸುವದುಂಟಷ್ಟೆ. ಜೀನೋಮಿನ ದತ್ತಾಂಶವನ್ನು ಓದುವವಳ ಕೆಲಸವೂ ಅದೇ ಜಾತಿಯದು. ಜೋಡಿಸಿದ ಮೇಲೆ ಅರ್ಥ ಬರೆಯಬೇಕು: ಈ ಭಾಗ ಏನು ಮಾಡುವದು, ಇಲ್ಲಿ ಒಂದಕ್ಷರ ಬದಲಾದರೆ ಏನಾಗುವದು. ರೆವರೆಂಡ್ ಕಿಟೆಲ್ಲರು 1894ರಲ್ಲಿ ಮಂಗಳೂರಿನಿಂದ ಹೊರಡಿಸಿದ ಕನ್ನಡ ನಿಘಂಟುವಿನ ಹಿಂದೆ ಎಂಥ ತಾಳ್ಮೆ ಇದ್ದಿತೋ ಅಂಥದೇ ತಾಳ್ಮೆ ಇಲ್ಲಿಯೂ ಬೇಕು. ಗಣಕಯಂತ್ರವು ಹುಡುಕುವ ಆಯಾಸವನ್ನು ಕಡಿಮೆ ಮಾಡುವದು; ವಿವೇಕವನ್ನು ಕೊಡುವದಿಲ್ಲ.

ಇದರಿಂದ ನಮಗೇನು ಎಂದು ಕೇಳುವವರಿಗೆ ಬ್ಯಾಡಗಿಯ ಪೇಟೆಯನ್ನು ತೋರಿಸುವೆವು. ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿಯು ಖಾರದಿಂದ ಬಂದದ್ದಲ್ಲ, ಬಣ್ಣದಿಂದ. ಅದರ ಕೆಂಪಿನಲ್ಲಿ ಮುಖ್ಯವಾದದ್ದು ಕ್ಯಾಪ್ಸ್ಯಾಂಥಿನ್ ಎಂಬ ದ್ರವ್ಯ, ಖಾರಕ್ಕೆ ಕಾರಣವಾದದ್ದು ಕ್ಯಾಪ್ಸೈಸಿನ್. ಮೊದಲನೆಯದು ಬಹಳ, ಎರಡನೆಯದು ಕಡಿಮೆ. 2011ರಲ್ಲಿ ಈ ಕಾಯಿಗೆ ಭೌಗೋಲಿಕ ಗುರುತಿನ ಮಾನ್ಯತೆಯು ದೊರೆಯಿತು. ಆದರೆ ಹೆಸರಿಗೆ ರಕ್ಷಣೆ ಸಿಕ್ಕ ಮಾತ್ರಕ್ಕೆ ಬೀಜಕ್ಕೆ ರಕ್ಷಣೆ ಸಿಕ್ಕಂತಲ್ಲ. ಮೆಣಸಿನ ಹೂವಿಗೆ ಜೇನ್ನೊಣಗಳು ಪಕ್ಕದ ಹೊಲದ ಪರಾಗವನ್ನು ತರುವವು. ಹೆಚ್ಚು ಇಳುವರಿಯ ಸಂಕರ ತಳಿಗಳು ಹಳೆಯ ಡಬ್ಬಿ, ಕಡ್ಡಿಗಳ ಜಾಗವನ್ನು ಆಕ್ರಮಿಸುತ್ತಿರುವವು. ಬೇರೆ ಸೀಮೆಯ ಕಾಯಿಯೂ ಅದೇ ಪೇಟೆಗೆ ಬರುವದು. ಇದು ನಿಜವಾದ ಡಬ್ಬಿಯೋ ಎಂಬದನ್ನು ಇಂದು ವ್ಯಾಪಾರಿಯ ಕಣ್ಣೂ ಮೂಗೂ ಹೇಳಬೇಕು. ನಾಳೆ ಅದನ್ನು ಡಿ.ಎನ್.ಎ. ಹೇಳಬಲ್ಲದು, ಆದರೆ ನಮ್ಮ ಹಳೆಯ ತಳಿಗಳ ಬರಹವನ್ನು ಯಾರಾದರೂ ಓದಿ, ಹೋಲಿಸಿ, ಪಟ್ಟಿ ಮಾಡಿಟ್ಟಿರಬೇಕು. 2014ರಲ್ಲಿ ಕೊರಿಯದ ವಿದ್ವಾಂಸರು ಮೆಕ್ಸಿಕೋದ ತಳಿಯೊಂದರ ಜೀನೋಮನ್ನು ಪ್ರಕಟಿಸಿದರು. ಅದು ಸುಮಾರು 350 ಕೋಟಿ ಅಕ್ಷರಗಳದ್ದು. ಮೆಣಸಿನ ಗಿಡವು ಈ ಲೆಕ್ಕದಲ್ಲಿ ಮನುಷ್ಯನಿಗಿಂತ ದೊಡ್ಡದೆಂದರೆ ನಮ್ಮ ಅಡಿಗೆಮನೆಗಳಲ್ಲಿ ನಗೆ ಎದ್ದೀತು! ಅದೇ ವರ್ಷ ಚೀನದವರೂ ಬೇರೊಂದು ತಳಿಯನ್ನು ಓದಿದರು. ಈ ಬರಹಗಳು ಗುಪ್ತವಾಗಿಲ್ಲ. 1982ರಲ್ಲಿ ಆರಂಭವಾದ ಜೆನ್‌ಬ್ಯಾಂಕ್ ಮೊದಲಾದ ಭಂಡಾರಗಳಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ತೆಗೆದು ನೋಡಬಹುದು. ಕರ್ಜಗಿಯ ಹುಡುಗಿಗೂ ಕೊರಿಯದ ಪಂಡಿತನಿಗೂ ಅಲ್ಲಿ ಒಂದೇ ಬಾಗಿಲು. ಬ್ಯಾಡಗಿಯ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸಿ ಮಗಳನ್ನು ಓದಿಸುವ ತಾಯಿಯು ಕಾಯಿಯನ್ನು ಯಾವ ಪ್ರಯೋಗಶಾಲೆಗಿಂತಲೂ ಚೆನ್ನಾಗಿ ಬಲ್ಲಳು. ಅವಳ ಮಗಳಿಗೆ ಆ ತಿಳಿವಿನ ಜೊತೆಗೆ ಲೆಕ್ಕವೂ ಕೂಡಿದರೆ ಅವಳೊಡನೆ ಯಾರು ಸ್ಪರ್ಧಿಸಬಲ್ಲರು?

ಇನ್ನೊಂದು ಮಾತನ್ನು ಹೇಳಲು ನಮಗೆ ಸ್ವಲ್ಪ ಸಂಕೋಚವು, ಆದರೂ ಹೇಳಬೇಕಾಗಿದೆ. ನಮ್ಮ ಭಾಗದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹುಡುಗಿಯನ್ನು ಕೊಡುವ ರೂಢಿಯು ಹಳೆಯದು. ಒಂದೇ ರಕ್ತದ ಇಬ್ಬರಲ್ಲಿ ಒಂದೇ ವಂಶವಾಹಿಯ ದೋಷವು ಅಡಗಿರುವ ಸಂಭವವು ಹೆಚ್ಚು. ಎರಡೂ ಕಡೆಯಿಂದ ಅದು ಬಂದಾಗ ಮಗುವಿಗೆ ರೋಗವು ಪ್ರಕಟವಾಗುವದು. ಅಂಥ ಮಗು ಹುಟ್ಟಿದ ಮನೆಯಲ್ಲಿ ಜರೆಯಲ್ಪಡುವವಳು ಹೆತ್ತವಳು ಮಾತ್ರ. ದೋಷವು ಇಬ್ಬರಿಂದಲೂ ಸಮವಾಗಿ ಬಂದಿತೆಂಬದನ್ನು ಅಕ್ಷರ ಅಕ್ಷರವಾಗಿ ತೋರಿಸಬಲ್ಲ ವಿದ್ಯೆಯು ಇದು. ಆದರೆ ಲೋಕದ ಭಂಡಾರಗಳಲ್ಲಿರುವ ಮನುಷ್ಯರ ಜೀನೋಮುಗಳು ಹೆಚ್ಚಾಗಿ ಯುರೋಪಿನ ಮೂಲದವರವು. ನಮ್ಮ ಜನರಲ್ಲಿಯ ಭೇದವು ಕಂಡಾಗ ಅದು ರೋಗವೋ ಸಹಜವೋ ಎಂದು ಹೇಳುವದು ಕಠಿಣವಾಗುವದು. ಈ ಕೊರತೆಯನ್ನು ತುಂಬಲು 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆಯು ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಅದರ ಮುಂದಾಳು. ಸುಮಾರು 10,000 ಭಾರತೀಯರ ಜೀನೋಮುಗಳನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು. ಓದಲು ಬರಹವು ಬಂದಿದೆ, ಓದುವವರು ಸಾಕಷ್ಟಿಲ್ಲ. ಪರೀಕ್ಷೆಯ ಫಲವನ್ನು ಕುಟುಂಬಕ್ಕೆ ಕನ್ನಡದಲ್ಲಿ ಮೃದುವಾಗಿ ತಿಳಿಸಿ ಹೇಳುವವರಂತೂ ಇನ್ನೂ ವಿರಳ.

‘ಇದು ಗಂಡುಹುಡುಗರ ಯಂತ್ರವಿದ್ಯೆ’ ಎಂಬ ಆಕ್ಷೇಪಣೆಗೆ ಇತಿಹಾಸವೇ ಉತ್ತರ ಕೊಡುವದು. ಪ್ರೋಟೀನುಗಳ ಬರಹವನ್ನು ಒಂದು ಗ್ರಂಥವಾಗಿ ಸಂಗ್ರಹಿಸಿ 1965ರಲ್ಲಿ ಪ್ರಕಟಿಸಿದವರು ಅಮೇರಿಕೆಯ ಮಾರ್ಗರೆಟ್ ಡೇಹಾಫ್. ಈ ವಿದ್ಯೆಗೆ ಅವರನ್ನು ತಾಯಿಯೆಂದು ಕರೆಯುವರು. ನಮ್ಮ ನೆರೆಯ ತಲಚೇರಿಯಲ್ಲಿ 1897ರಲ್ಲಿ ಹುಟ್ಟಿದ ಜಾನಕಿ ಅಮ್ಮಾಳರು ಮದರಾಸಿನ ವಿಮೆನ್ಸ್ ಕ್ರಿಶ್ಚನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಅಮೇರಿಕೆಗೆ ಹೋಗಿ ಪದವಿ ಪಡೆದು ಬಂದು, ಕೊಯಮುತ್ತೂರಿನಲ್ಲಿ ಕಬ್ಬನ್ನು ಗೋವಿನಜೋಳದೊಡನೆ ಸಂಕರ ಮಾಡಿದರು. 1945ರಲ್ಲಿ ಡಾರ್ಲಿಂಗ್ಟನ್ನರ ಜೊತೆಗೆ ಕೃಷಿಯ ಗಿಡಗಳ ಕ್ರೋಮೋಸೋಮುಗಳ ಮಹಾಕೋಶವನ್ನು ರಚಿಸಿದರು. ಬೆರಳೂ ಲೆಕ್ಕವೂ ಒಬ್ಬಳೇ ಹೆಣ್ಣುಮಗಳಲ್ಲಿ ಕೂಡಿದುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಆದರೆ ನಾವು ಬಣ್ಣದ ಮಾತು ಹೇಳಿ ಯಾರನ್ನೂ ಮರುಳುಮಾಡಲಾರೆವು. ಈ ವೃತ್ತಿಯು ಬೇಗನೆ ಹಣ ಕೊಡುವದಲ್ಲ. ಬರಿಯ ಬಿ.ಎಸ್ಸಿ.ಯಿಂದ ಇಲ್ಲಿ ನೆಲೆ ಸಿಗುವದು ಕಷ್ಟ, ಎಂ.ಎಸ್ಸಿ.ಯಾದರೂ ಬೇಕು, ಸಂಶೋಧನೆಗೆ ಹೋಗುವದಾದರೆ ಇನ್ನೂ ಐದಾರು ವರ್ಷ. ಮೂರು ತಿಂಗಳಲ್ಲಿ ಬಯೋಇನ್ಫರ್ಮೆಟಿಕ್ಸ್ ಕಲಿಸಿ ನೌಕರಿ ಕೊಡಿಸುವೆವೆಂಬ ಜಾಹೀರಾತುಗಳಿಗೆ ದುಡ್ಡು ಕಟ್ಟುವದು ವ್ಯರ್ಥ. ಕೆಲಸಗಳೂ ಬಹುಮಟ್ಟಿಗೆ ಬೆಂಗಳೂರು, ಹೈದರಾಬಾದುಗಳಲ್ಲಿ: ರೋಗಪರೀಕ್ಷೆಯ ಕಂಪನಿಗಳು, ಔಷಧದ ಕಂಪನಿಗಳು, ಬೀಜದ ಕಂಪನಿಗಳು, ಸರಕಾರಿ ಸಂಶೋಧನಾಲಯಗಳು. ಮಗಳನ್ನು ದೂರ ಕಳಿಸಬೇಕಲ್ಲ ಎಂಬ ತಾಯಿಯ ಚಿಂತೆಯು ಸುಳ್ಳಲ್ಲ. ಅದಕ್ಕೆ ನಮ್ಮ ಉತ್ತರವಿಷ್ಟೆ: ದಾದಿಯ ಶಿಕ್ಷಣಕ್ಕೂ ದೂರವೇ ಕಳಿಸಿದೆವು. ಯಂತ್ರವೇ ಬುದ್ಧಿವಂತವಾಗಿ ಈ ಕೆಲಸಗಳನ್ನು ನುಂಗುವದೆಂದು ಈಗ ಕೆಲವರು ಹೆದರಿಸುವರು. ಬರಿಯ ಗುಂಡಿ ಒತ್ತುವವಳಿಗೆ ಆ ಹೆದರಿಕೆಯು ನಿಜವಾದದ್ದೇ. ಗಿಡವನ್ನೂ ರೋಗಿಯನ್ನೂ ಬಲ್ಲವಳಿಗೆ ಅಷ್ಟಿಲ್ಲ.

ಹಾದಿಯು ಯಾವದು? ಎಲ್ಲಕ್ಕಿಂತ ಮೊದಲು, ಗಣಿತವನ್ನು ಬಿಡಬಾರದು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಬೇಕೆಂದು ಗಣಿತವನ್ನು, ಗಣಿತ ಬೇಕೆಂದು ಜೀವಶಾಸ್ತ್ರವನ್ನು ತೊರೆಯುವ ಚಾಳಿಯೇ ಈ ಬಾಗಿಲನ್ನು ಹದಿನಾರನೆಯ ವಯಸ್ಸಿನಲ್ಲಿ ಮುಚ್ಚಿಬಿಡುವದು. ‘ಹುಡುಗಿಗೆ ಲೆಕ್ಕ ಹತ್ತುವದಿಲ್ಲ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇನ್ನೂ ಆಡುವರು. ಸಂತೆಯ ಲೆಕ್ಕವನ್ನು ಬಾಯಲ್ಲಿಯೇ ಮುಗಿಸುವ ಅವಳ ಅಜ್ಜಿಯ ಎದುರಿನಲ್ಲಿಯೇ ಆಡುವರು. ವೈದ್ಯಕೀಯದ ಪರೀಕ್ಷೆಯಲ್ಲಿ ಸ್ಥಾನ ದೊರೆಯದೆ ಅಳುತ್ತ ಕುಳಿತ ಹುಡುಗಿಗೂ ಈ ಹಾದಿಯು ತೆರೆದಿದೆ. ಕೃಷಿಯ ಕಡೆಯಿಂದ ಹೋಗುವದಾದರೆ ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿಯೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಇರುವದು. ರೈತರ ಮಕ್ಕಳಿಗೆ ಮೀಸಲು ಸ್ಥಾನಗಳೂ ಇರುವವು. ಮುಂದಿನ ಅಭ್ಯಾಸಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಐ.ಬಿ.ಎ.ಬಿ. ಎಂಬ ಸಂಸ್ಥೆಯು ಈ ವಿದ್ಯೆಗೆಂದೇ ಇರುವದು. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರವೇಶಪರೀಕ್ಷೆಯಿಂದ ಸ್ಥಾನ ಪಡೆದವರಿಗೆ ಕೆಲವು ಎಂ.ಎಸ್ಸಿ. ತರಗತಿಗಳಲ್ಲಿ ವಿದ್ಯಾರ್ಥಿವೇತನವೂ ಸಿಗುವದು.

ಶಾಲೆಯವರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿನಂತಿಗಳು ಎರಡು. ಗಣಕಯಂತ್ರದ ಕೋಣೆಗೆ ನಾಲ್ಕು ಗಂಟೆಗೆ ಬೀಗ ಹಾಕುವದನ್ನು ಬಿಟ್ಟು, ಶನಿವಾರ ಮಧ್ಯಾಹ್ನವಾದರೂ ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಅದನ್ನು ತೆರೆದಿಡಬೇಕು. ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಒಂದು ವಂಶವಾಹಿಯ ಅಕ್ಷರಗಳನ್ನು ಎಣಿಸುವದನ್ನು ಒಂದು ತಾಸಿನಲ್ಲಿ ಕಲಿಸಬಹುದು. ಬೆಂಗಳೂರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿನಿಯರು ಪ್ರವೇಶಪರೀಕ್ಷೆಗೆ ಬರುವ ಹುಡುಗಿಗೂ ಅವಳ ಜೊತೆಗೆ ಬರುವ ತಾಯಿಗೂ ಎರಡು ರಾತ್ರಿಯ ಆಶ್ರಯವನ್ನು ಕೊಡಲು ಒಪ್ಪಿ, ತಮ್ಮ ಹೆಸರನ್ನು ಮುಖ್ಯಾಧ್ಯಾಪಿನಿಯವರ ಬಳಿ ಬರೆಯಿಸಿಡಬೇಕು.