ಮನೆಗೆ ಹಬ್ ಸಾಕಂತೆ!

ಪುಣೆಯ ನಮ್ಮ ಕನ್ನಡದವರ ಬಾಯಲ್ಲಿ ಈ ಮಾತು ಇನ್ನೂ ಕೇಳುತ್ತಿರುತ್ತೇನೆ: "ಆಫೀಸಿನ್ಯಾಗ ತಗದಿಟ್ಟ ಹಳೇ ಹಬ್ ಐತಿ, ಮನೀಗೆ ಅಷ್ಟ ಸಾಕಲ್ರೀ. ಸ್ವಿಚ್ಚಿಗೆ ಯಾಕ ರೊಕ್ಕ ಹಾಕ್ಬೇಕು?" ಇಪ್ಪತ್ತೈದು ವರ್ಷದಿಂದ ಈ ಊರಲ್ಲಿದ್ದೇನೆ, ಉಳಿತಾಯ ಅಂದರೇನು ಅಂತ ನನಗೂ ಗೊತ್ತು. ಆದರೆ ಇದು ಉಳಿತಾಯವಲ್ಲ ಸ್ವಾಮಿ, ಪುಕ್ಕಟೆ ಸಿಕ್ಕಿತೆಂದು ಮನೆಗೆ ಹೊತ್ತು ತಂದ ತಲೆನೋವು.

ನೋಡಲು ಎರಡೂ ಒಂದೇ ಥರದ ಡಬ್ಬಿ. ಐದೋ ಎಂಟೋ ಪೋರ್ಟು, ಮಿಣುಕುವ ದೀಪಗಳು. ಒಳಗಿನ ಕೆಲಸ ಮಾತ್ರ ಬೇರೆ. ಒಂದು ಪೋರ್ಟಿಗೆ ಬಂದದ್ದನ್ನು ಹಬ್ ಉಳಿದೆಲ್ಲ ಪೋರ್ಟುಗಳಿಗೂ ಕಳಿಸುತ್ತದೆ. ಶನಿವಾರ ಪೇಟೆಯ ಹಳೇ ವಾಡೆಯ ಅಂಗಳದಲ್ಲಿ ನಿಂತು, ಒಬ್ಬರಿಗೆ ಬಂದ ಪತ್ರವನ್ನು ಎಲ್ಲರಿಗೂ ಕೇಳುವಂತೆ ಓದಿದ ಹಾಗೆ! ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರದೂ ಹಾಳು, ಸ್ವಲ್ಪ ಕಾದು ಮತ್ತೆ ಶುರು ಮಾಡಬೇಕು. ಡಬ್ಬಿಯ ಮೇಲೆ 100 ಎಂಬಿಪಿಎಸ್ ಅಂತಿದ್ದರೂ ಅದು ಎಲ್ಲರಿಗೂ ಸೇರಿ. ಹಳೆಯವು ಎಷ್ಟೋ 10ರವೇ. 200ರ ಫೈಬರ್ ಹಾಕಿಸಿ ನಡುವೆ ಇದನ್ನು ಕೂರಿಸಿದರೆ, ದುಡ್ಡು ಕೊಟ್ಟ ವೇಗ ಡಬ್ಬಿಯಲ್ಲೇ ಸತ್ತಂತೆ.

ಸ್ವಿಚ್ ಹಾಗಲ್ಲ. ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂದು ಮ್ಯಾಕ್ ವಿಳಾಸ ನೋಡಿ ಕಲಿಯುತ್ತದೆ, ಅವರವರದನ್ನು ಅವರವರಿಗೇ ಮುಟ್ಟಿಸುತ್ತದೆ. ಇದೇನು ನಿನ್ನೆಯ ವಿದ್ಯೆಯೂ ಅಲ್ಲ. ನಮ್ಮವರೇ ಆದ ವಿನೋದ್ ಭಾರದ್ವಾಜ್ ಅಮೆರಿಕದಲ್ಲಿ ಜೊತೆಗಾರರೊಂದಿಗೆ ಕಟ್ಟಿದ ಕಂಪನಿ 1990ರಲ್ಲೇ ಈಥರ್‌ನೆಟ್ ಸ್ವಿಚ್ ತಂದಿತ್ತು. ಕಂಪನಿಯ ಹೆಸರು 'ಕಲ್ಪನಾ'! 1994ರಲ್ಲಿ ಅದನ್ನು ಸಿಸ್ಕೋ ಕೊಂಡಿತು. 2011ರ ಹೊತ್ತಿಗೆ, ಈಥರ್‌ನೆಟ್ಟಿನ ನಿಯಮ ಬರೆಯುವ ಐಇಇಇ ಸಂಸ್ಥೆಯೇ ಹೊಸ ಜಾಲಗಳಿಗೆ ಹಬ್ ಬೇಡ ಎಂದಿತು.

ವೇಗದ ಮಾತು ಬಿಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಕೋಣೆ ಪೇಯಿಂಗ್ ಗೆಸ್ಟ್ ಹುಡುಗರಿಗೆ, ನೆಟ್ ಎಲ್ಲರಿಗೂ ಒಂದೇ. ಹಬ್ ಇದ್ದರೆ ನಿಮ್ಮ ಪ್ಯಾಕೆಟ್ಟುಗಳೆಲ್ಲ ಆ ಹುಡುಗನ ಲ್ಯಾಪ್‌ಟಾಪಿನ ಬಾಗಿಲಿಗೂ ಹೋಗುತ್ತವೆ. "ಈಗೆಲ್ಲ ಗೂಢಲಿಪಿ ಇದೆಯಲ್ಲ" ಅನ್ನುತ್ತೀರಿ. ಬ್ಯಾಂಕಿನ ಪುಟಕ್ಕೆ ಇದೆ, ಸರಿ. ಪ್ರಿಂಟರಿಗೆ ಕಳಿಸಿದ ಆಧಾರ್ ಪ್ರತಿಗೆ? ಅಗ್ಗದ ಕ್ಯಾಮೆರಾದ ಚಿತ್ರಕ್ಕೆ? ಮನೆಯೊಳಗಿನ ಈ ಓಡಾಟ ಬಹಳಷ್ಟು ಸಲ ಬಟ್ಟಬಯಲೇ. ಸ್ವಿಚ್ ಕೋಟೆಯಲ್ಲ, ಒಳಗಿದ್ದು ಮೋಸ ಮಾಡುವವನಿಗೆ ದಾರಿಗಳಿವೆ. ಆದರೆ ಬಾಗಿಲಿಗೆ ಚಿಲಕ ಹಾಕುವುದಕ್ಕೂ ಬಾಗಿಲನ್ನೇ ಕಿತ್ತಿಡುವುದಕ್ಕೂ ವ್ಯತ್ಯಾಸವಿಲ್ಲವೇ?

"ವೈಫೈ ಬಂದ ಮೇಲೆ ತಂತಿಯೇ ಯಾಕೆ" ಎನ್ನುವ ಇನ್ನೊಂದು ಪಂಗಡ. ವೈಫೈಗೂ ಗಾಳಿ ಎಲ್ಲರಿಗೂ ಒಂದೇ, ಬಹುಪಾಲು ಸರದಿಯಲ್ಲೇ ಮಾತಾಡಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಗುಲದ ಚಾನೆಲ್ಲುಗಳು ಮೂರೇ. ನಲವತ್ತು ಫ್ಲ್ಯಾಟಿನ ಸೊಸೈಟಿಯಲ್ಲಿ ಮೂರು ಚಾನೆಲ್ ಎಷ್ಟಕ್ಕೆ ಸಾಲುತ್ತದೆ? ಮೊಬೈಲಿಗೆ ವೈಫೈ ಇರಲಿ, ಮನೆಯಿಂದ ಕೆಲಸ ಮಾಡುವವರ ಯಂತ್ರಕ್ಕೂ ಟಿವಿಗೂ ತಂತಿಯೇ ಇರಲಿ.

ಮೊದಲು ನಿಮ್ಮ ರೂಟರಿನ ಬೆನ್ನು ನೋಡಿ. ಅಲ್ಲಿರುವ ನಾಲ್ಕು ಲ್ಯಾನ್ ಪೋರ್ಟುಗಳು ಸಾಮಾನ್ಯವಾಗಿ ಸ್ವಿಚ್ಚೇ. ಸಾಲದಿದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾವಿರ ರೂಪಾಯಿಯ ಆಸುಪಾಸು. ಕುಟುಂಬ ಸಮೇತ ಒಂದು ಸಲ ಹೊರಗೆ ಉಂಡರೆ ಅಷ್ಟಾಗುತ್ತದೆ. ಊರಿನ 'ಚಾಲತಂಯ' ನಮಗೂ ಅಂಟಿದೆ, ಒಪ್ಪಿದೆ. ಆದರೆ ಎಲ್ಲವೂ ನಡೆಯುವುದಿಲ್ಲ. ಆ ಹಬ್ ಇ-ತ್ಯಾಜ್ಯದವರಿಗೆ ಹೋಗಲಿ.

ಏನಂತೀರಿ?