ಒಕ್ಕಣ್ಣ ರಾಕ್ಷಸನಿಗೆ ಕನ್ನಡ ಬರುವುದಿಲ್ಲವೇ?

ಸಕಲೇಶಪುರದಿಂದ ಬಿಸಿಲೆ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ವನಗೂರು ಸಿಗುತ್ತದೆ. ಕಾಫಿ, ಏಲಕ್ಕಿ, ಮೆಣಸು, ಮಿಕ್ಕಿದ್ದೆಲ್ಲ ಮಳೆ. ಆಷಾಢದಲ್ಲಿ ಅಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕತ್ತಲಾದ ಮೇಲೆ ಆನೆಯ ಭಯ, ಹೊರಗೆ ಕಾಲಿಡುವಂತಿಲ್ಲ. ಉಳಿಯುವುದು ಒಲೆಯ ಮುಂದೆ ಕೂತು ಕಥೆ ಹೇಳುವುದೊಂದೇ.

ಕಳೆದ ಮಳೆಗಾಲದ ಅಂಥದೊಂದು ರಾತ್ರಿ ನಾನು ಊರಲ್ಲಿದ್ದೆ. ಬೆಂಗಳೂರಿನಲ್ಲಿ ಐದನೇ ಕ್ಲಾಸು ಓದುವ ನನ್ನ ಅಕ್ಕನ ಮಗನೂ ಬಂದಿದ್ದ. ಅವನ ಚೀಲದಲ್ಲಿ ಬಣ್ಣಬಣ್ಣದ ಚಿತ್ರಗಳಿದ್ದ ಗ್ರೀಕ್ ಪುರಾಣ ಕಥೆಗಳ ಪುಸ್ತಕ, ಇಂಗ್ಲಿಷಿನದು. "ಏನ್ಲಾ ಮಗ ಅದು, ನಂಗೂ ಒಂದು ಹೇಳ್ಲಾ" ಎಂದಳು ನಮ್ಮವ್ವ. ಹುಡುಗ ಉತ್ಸಾಹದಿಂದಲೇ ಶುರು ಮಾಡಿದ. ಎರಡು ಮಾತು ಕನ್ನಡ, ಆಮೇಲೆ ನಾಲ್ಕು ಮಾತು ಇಂಗ್ಲಿಷ್, ಆಮೇಲೆ ಪೂರಾ ಇಂಗ್ಲಿಷ್. ಗವಿಗೆ ಕನ್ನಡದಲ್ಲಿ ಏನನ್ನುತ್ತಾರೆ, ಅವನಿಗೆ ಗೊತ್ತಿಲ್ಲ. ಟಗರು ಎಂದರೆ ಗೊತ್ತಿಲ್ಲ. ಅವ್ವ ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ಅವನು "ಈ ಕಥೆ ಕನ್ನಡದಲ್ಲಿ ಬರಲ್ಲ ಮಾವ" ಎಂದು ಪುಸ್ತಕ ಮುಚ್ಚಿಬಿಟ್ಟ.

ಗಮನಿಸಿ, ಅವನು "ನನಗೆ ಬರಲ್ಲ" ಎನ್ನಲಿಲ್ಲ. "ಕನ್ನಡದಲ್ಲಿ ಬರಲ್ಲ" ಎಂದ! ಹತ್ತು ವರ್ಷದ ಹುಡುಗ ತನ್ನ ತೊಡಕನ್ನು ತನ್ನ ಭಾಷೆಯ ತಲೆಗೆ ಕಟ್ಟಿದ. ಇದನ್ನು ಅವನಿಗೆ ಕಲಿಸಿದವರು ಯಾರು? ನಾವೇ!

ಅವನು ನಿಲ್ಲಿಸಿದ ಕಥೆಯನ್ನು ನಾನು ಎತ್ತಿಕೊಂಡೆ. ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಒಡಿಸ್ಯೂಸ್ ತನ್ನವರೊಂದಿಗೆ ಒಬ್ಬ ಒಕ್ಕಣ್ಣ ರಾಕ್ಷಸನ ಗವಿಯಲ್ಲಿ ಸಿಕ್ಕಿಬೀಳುತ್ತಾನೆ. ರಾಕ್ಷಸ ಸಾಕಿರುವುದು ಕುರಿ, ಆದರೆ ಸಿಕ್ಕಿದರೆ ಮನುಷ್ಯರನ್ನೇ ತಿನ್ನುವವನು. ಒಡಿಸ್ಯೂಸ್ ಅವನಿಗೆ ಹೆಂಡ ಕುಡಿಸುತ್ತಾನೆ. ನಿನ್ನ ಹೆಸರೇನು ಎಂದರೆ "ಯಾರೂ ಇಲ್ಲ" ಎನ್ನುತ್ತಾನೆ. ರಾಕ್ಷಸ ಮತ್ತೇರಿ ಬಿದ್ದಾಗ ಬೆಂಕಿಯಲ್ಲಿ ಕಾಯಿಸಿದ ಗೂಟದಿಂದ ಆ ಒಂಟಿ ಕಣ್ಣನ್ನೇ ತಿವಿಯುತ್ತಾನೆ. ಬೊಬ್ಬೆ ಕೇಳಿ ಓಡಿಬಂದ ನೆರೆಯ ರಾಕ್ಷಸರು ಹೊರಗಿನಿಂದ ಕೂಗುತ್ತಾರೆ: "ಯಾರ್ಲಾ ನಿನ್ನ ಹೊಡೀತಿರೋನು?" ಒಳಗಿನಿಂದ ಉತ್ತರ: "ಯಾರೂ ಇಲ್ಲ!" "ಯಾರೂ ಇಲ್ಲ ಅಂದ್ಮೇಲೆ ಸುಮ್ಕೆ ಬಿದ್ಕೊ" ಎಂದು ಅವರು ಹೊರಟುಹೋಗುತ್ತಾರೆ. ಬೆಳಗಾದಾಗ ಟಗರುಗಳ ಹೊಟ್ಟೆಗೆ ಅಂಟಿಕೊಂಡು ಒಡಿಸ್ಯೂಸ್ ಮತ್ತು ಅಳಿದುಳಿದವರು ಪಾರು!

ಅವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇವ್ನು ನಮ್ ಕಡೆಯವ್ನೇ ಇರ್ಬೇಕು ಕಣ್ಲಾ!" ಎಂದಳು. ಆಮೇಲೆ ಅವಳ ಸರದಿ. ಹುಲಿಯ ತೊಗಲು ಹೊದ್ದು ಹೊಲ ಮೇಯುತ್ತಿದ್ದ ಕತ್ತೆ ಒಂದು ದಿನ ಬಾಯಿಬಿಟ್ಟು ಅರಚಿ ಸಿಕ್ಕಿಬಿದ್ದ ಕಥೆ. "ಅದು ಹುಲಿ ಅಲ್ಲ ಅಜ್ಜಿ, ಸಿಂಹ, ಈಸೋಪನ ಕಥೆ" ಎಂದ ಹುಡುಗ. "ನಮ್ ಕಾಡಿಗೆ ಸಿಂಹ ಎಲ್ಲಿಂದ ಬಂತ್ಲಾ?" ಎಂದಳು ಅವ್ವ.

ಇಬ್ಬರೂ ಹೇಳಿದ್ದು ಸರಿಯೇ. ಹುಲಿಯ ತೊಗಲಿನ ಕತ್ತೆ ನಮ್ಮ ಪಂಚತಂತ್ರದಲ್ಲಿದೆ, ಸಿಂಹದ ತೊಗಲಿನ ಕತ್ತೆ ಈಸೋಪನ ಹೆಸರಿನ ಗ್ರೀಕ್ ಕಥೆಗಳಲ್ಲಿದೆ. ಯಾರದು ಮೊದಲು ಎಂದು ಪಂಡಿತರು ಜಗಳವಾಡಿಕೊಳ್ಳಲಿ. ನಮಗೆ ಬೇಕಾದ ವಿಷಯ ಬೇರೆ: ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದದ್ದು ಸುಮಾರು ಕ್ರಿ.ಶ. 1031ರಲ್ಲಿ. ಹೊರಗಿನ ಕಥೆಯನ್ನು ಒಳಗೆ ಕರೆದು ಕೂರಿಸಿಕೊಳ್ಳುವ ವಿದ್ಯೆ ಕನ್ನಡಕ್ಕೆ ಸಾವಿರ ವರ್ಷದಿಂದ ಗೊತ್ತು.

ಇನ್ನೊಂದು ವಿಷಯ ಕೇಳಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ, ಸುಮಾರು ಎರಡನೇ ಶತಮಾನದ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಚಾರಿಷನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಸೋದರ ಬಿಡಿಸಿಕೊಂಡು ಹೋಗುವ ಕಥೆ. ಅಲ್ಲೂ ಉಪಾಯ ಅದೇ, ರಾಜನಿಗೆ ಹೆಂಡ ಕುಡಿಸುವುದು! ಆ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲೇ ಜರ್ಮನ್ ವಿದ್ವಾಂಸ ಹುಲ್ಟ್ಸ್ ಹೇಳಿದರು. ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನುಹತ್ತಿದರು. ತುಳು ಎನ್ನುವವರಿದ್ದಾರೆ, ಎರಡೂ ಅಲ್ಲ ಎನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ, ನಾನೂ ತೀರ್ಪು ಕೊಡುವುದಿಲ್ಲ. ಆದರೆ ಗ್ರೀಕರ ಕಥೆ ನಮ್ಮ ಕರಾವಳಿಯ ಮಾತನ್ನು ಹುಡುಕಿಕೊಂಡು ಬಂದಿರಬಹುದಾದ ಕಾಲದಲ್ಲಿ ಇಂಗ್ಲಿಷ್ ಎಂಬ ಭಾಷೆಯೇ ಹುಟ್ಟಿರಲಿಲ್ಲ!

ಹಾಗಿದ್ದ ಮೇಲೆ ಗ್ರೀಕ್ ಕಥೆ ಇಂಗ್ಲಿಷಿನವರ ಸ್ವತ್ತು ಹೇಗಾಯಿತು? ಲಂಡನ್ನಿನ ಮಗು ಅದನ್ನು ಓದುವುದು ಗ್ರೀಕಿನಲ್ಲಲ್ಲ, ತನ್ನ ಮನೆಮಾತಿನಲ್ಲಿ. ಪ್ಯಾರಿಸ್ಸಿನ ಮಗು ಫ್ರೆಂಚಿನಲ್ಲಿ. ನಮ್ಮ ಮಗು ಮಾತ್ರ ಅಥೆನ್ಸಿಗೆ ಹೋಗಲು ಲಂಡನ್ನಿನಲ್ಲಿ ಟಿಕೆಟು ಕೊಳ್ಳಬೇಕೇ?

"ಇಂಗ್ಲಿಷ್ ಬೇಡ ಅಂತೀರಾ?" ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಬಿ.ಎಂ.ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಅವರು ಕಲಿತ ಇಂಗ್ಲಿಷನ್ನು ಟುಸ್‌ಪುಸ್ ಎಂದು ಮೆರೆಯಲು ಬಳಸಲಿಲ್ಲ. ಸೋಫೋಕ್ಲೀಸನ ಏಜಾಕ್ಸ್ ನಾಟಕವನ್ನು ಕೈಗೆತ್ತಿಕೊಂಡು, ಮಾನಭಂಗದಿಂದ ಕುದಿದ ಆ ಗ್ರೀಕ್ ವೀರನ ಜಾಗದಲ್ಲಿ ನಮ್ಮ ಅಶ್ವತ್ಥಾಮನನ್ನು ನಿಲ್ಲಿಸಿದರು. ಪುರಾಣದಲ್ಲಿ ಚಿರಂಜೀವಿಯಾದವನು 1929ರ 'ಅಶ್ವತ್ಥಾಮನ್' ನಾಟಕದಲ್ಲಿ ಸಾಯುತ್ತಾನೆ! ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರು, ಆದರೆ ಕನ್ನಡಕ್ಕೆ ದುರಂತ ನಾಟಕ ದಕ್ಕಿತು. 1935ರಲ್ಲಿ ಈಸ್ಕಿಲಸನ 'ಪಾರಸಿಕರು' ಬಂತು. ಮುಂದೆ ಲಂಕೇಶ್ ಈಡಿಪಸ್ಸನನ್ನೂ ಅಂತಿಗೊನೆಯನ್ನೂ ಕನ್ನಡ ಮಾತಾಡಿಸಿದರು. ದೊಡ್ಡವರಿಗೆ ದಕ್ಕಿದ್ದು ಮಕ್ಕಳಿಗೆ ಏಕೆ ದಕ್ಕಬಾರದು?

ಈ ಮಾತು ಈಗ ಏಕೆ ಎಂದರೆ, ನಾವು 1982ರ ಗೋಕಾಕ್ ಚಳವಳಿಯನ್ನು ನೆನೆಯುತ್ತಾ ಕೂತಿದ್ದೇವೆ, ಕಾಲ ಮುಂದಕ್ಕೆ ಹೋಗಿದೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿಯಾಯಿತು. ಆ ತೀರ್ಪಿನ ಬಗ್ಗೆ ನಮಗೆ ಸಿಟ್ಟಿರಲಿ, ಹೋರಾಟವೂ ಇರಲಿ. ಆದರೆ ಕಾನೂನಿನಿಂದ ಕನ್ನಡ ಓದಿಸಲಾಗದ ಕಡೆ ಆಸೆಯಿಂದ ಓದಿಸಬೇಕು. ಮಗುವಿಗೆ ಆಸೆ ಹುಟ್ಟಿಸುವುದು ಕಥೆ, ನಮ್ಮ ಭಾಷಣವಲ್ಲ. ಜಗತ್ತಿನ ಒಳ್ಳೊಳ್ಳೆಯ ಕಥೆಗಳೆಲ್ಲ ಇಂಗ್ಲಿಷಿನಲ್ಲೇ ಸಿಕ್ಕರೆ ಕನ್ನಡ ಅವನಿಗೆ ಬರೀ ಪರೀಕ್ಷೆಯ ಪಾಠವಾಗುತ್ತದೆ, ಅಜ್ಜಿ ಬರೀ ಮುದುಕಿಯಾಗುತ್ತಾಳೆ.

ಗ್ರೀಕರಲ್ಲಿ ಆಂಟಿಯಸ್ ಎಂಬ ಜಟ್ಟಿಯ ಕಥೆಯಿದೆ. ಅವನು ಭೂಮಿತಾಯಿಯ ಮಗ. ಕೆಡವಿದಷ್ಟೂ ಅವನಿಗೆ ಬಲ, ಏಕೆಂದರೆ ಮೈ ನೆಲಕ್ಕೆ ತಾಗಿದಾಗಲೆಲ್ಲ ತಾಯಿ ಶಕ್ತಿ ತುಂಬುತ್ತಿದ್ದಳು. ಹೆರಾಕ್ಲೀಸ್ ಇದನ್ನು ಕಂಡುಕೊಂಡ. ಅವನನ್ನು ಕೆಡವುವುದನ್ನು ಬಿಟ್ಟು ಮೇಲಕ್ಕೆ ಎತ್ತಿ ಹಿಡಿದ, ಗಾಳಿಯಲ್ಲೇ ಹಿಸುಕಿ ಕೊಂದ.

ಗೆಳೆಯರೇ, ನಮ್ಮ ಮಕ್ಕಳನ್ನು ಯಾರೂ ಕೆಡವುತ್ತಿಲ್ಲ. ಎತ್ತಿ ಹಿಡಿದಿದ್ದಾರೆ. ನೋಡುವವರಿಗೆ ಅದು ಏಳಿಗೆಯಂತೆಯೇ ಕಾಣುತ್ತದೆ.

ಮುಂದಿನ ಹಬ್ಬಕ್ಕೆ ನೀವು ಊರಿಗೆ ಹೋಗುತ್ತೀರಲ್ಲ, ನಿಮಗೆ ಇಂಗ್ಲಿಷಿನಲ್ಲಿ ಗೊತ್ತಿರುವ ಒಂದು ಕಥೆಯನ್ನು ಮನೆಯ ಮಗುವಿಗೆ ನಿಮ್ಮ ಊರ ಕನ್ನಡದಲ್ಲಿ ಹೇಳಿ. ಬರೆಯಬಲ್ಲವರು ಬರೆಯಿರಿ, ಚಿತ್ರ ಬರೆಯಬಲ್ಲವರು ಜೊತೆಗೂಡಿ, ರಾಜ್ಯೋತ್ಸವಕ್ಕೆ ಎತ್ತುವ ಚಂದಾದಲ್ಲಿ ಹತ್ತು ಪುಸ್ತಕಗಳನ್ನು ಊರ ಶಾಲೆಗೆ ಕೊಡಿ. ನಾನು ಆಂಟಿಯಸ್ಸನ ಕಥೆಯನ್ನು ವನಗೂರಿಗಾಗಿ ಎತ್ತಿಟ್ಟುಕೊಂಡಿದ್ದೇನೆ. ಈ ಸಲ ಅದನ್ನು ಅಜ್ಜಿಗೆ ಹೇಳಬೇಕಾದವನು ಆ ಹುಡುಗ, ಕನ್ನಡದಲ್ಲೇ.