ಕೇಳುವುದಿದ್ದರೆ ನನ್ನನ್ನು ಕೇಳಿ

ಮಕ್ಕಳಿಬ್ಬರನ್ನು ಬಂಟ್ವಾಳದಲ್ಲಿ ನನ್ನ ಉಮ್ಮನ ಹತ್ತಿರ ಬಿಟ್ಟು ನಾನೂ ಹೆಂಡತಿಯೂ ಹತ್ತು ದಿನ ಸ್ಪೇನಿಗೆ ಹೋಗಿಬಂದೆವು. ಬಂದ ಮೇಲೆ ಮದುವೆಮನೆಯಲ್ಲಿ ಒಂದೇ ಪ್ರಶ್ನೆ: "ಮಕ್ಕಳನ್ನು ಬಿಟ್ಟು ಹೋಗಲು ಹೇಗೆ ಮನಸ್ಸು ಬಂತು?" ಕೇಳಿದ್ದೆಲ್ಲ ಅವಳನ್ನು. ನನ್ನ ಹತ್ತಿರ ಕೇಳಿದ್ದು ಟಿಕೆಟ್ ರೇಟು!

ಉಪ್ಪ ಹೊಸೂರಿನ ಬಾಗಲೂರು ರಸ್ತೆಯಲ್ಲಿ ಅಂಗಡಿ ಇಟ್ಟಾಗ ನಾವು ಊರಲ್ಲೇ ಇದ್ದೆವು. ಅವರು ಬರುತ್ತಿದ್ದದ್ದು ಎರಡು ಪೆರ್ನಾಲಿಗೆ ಮಾತ್ರ. ಗಲ್ಫಿಗೆ ಹೋದ ನಮ್ಮ ಎಷ್ಟೋ ಗಂಡಸರು ಎರಡು ವರ್ಷಕ್ಕೊಮ್ಮೆ ಬಂದಾಗ ಸ್ವಂತ ಮಗುವೇ ಗುರುತು ಹಿಡಿಯದೆ ಅತ್ತಿದೆ. ಅವರನ್ನು ಯಾರು ಕೇಳಿದರು? ಹಜ್ಜಿಗೆ ಹೋಗುವವರು ಸುಮಾರು 40 ದಿನ ಮಕ್ಕಳನ್ನು ಅಜ್ಜಿಯ ಬಳಿ ಬಿಡುತ್ತಾರೆ. ಅದು ಇಬಾದತ್, ನಾನು ಹೋಲಿಸುತ್ತಿಲ್ಲ. ಆದರೆ ಆಗ ಅಜ್ಜಿಯನ್ನು ನಂಬುವವರಿಗೆ ಈಗ ಅನುಮಾನ ಯಾಕೆ?

ಚಿಕ್ಕವನು ಮೂರನೇ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅತ್ತ, ಸುಳ್ಳು ಹೇಳುವುದಿಲ್ಲ. ಅವಳೂ ಅತ್ತಳು. ಮರುದಿನ ಗ್ರಾನಡಾದ ಅಲ್‌ಹಂಬ್ರಾ ಅರಮನೆಯ ಗೋಡೆಯಲ್ಲಿ ಮತ್ತೆ ಮತ್ತೆ ಕೆತ್ತಿದ 'ವಲಾ ಗಾಲಿಬ ಇಲ್ಲಲ್ಲಾಹ್' ಎಂಬುದನ್ನು ಮದ್ರಸದಲ್ಲಿ ಕಲಿತ ಅರಬಿಯಲ್ಲಿ ಅಕ್ಷರ ಕೂಡಿಸಿ ಓದಿದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಯಾರಿಗೂ ಬಡಿಸದೆ, ಯಾರೂ ಕರೆಯದೆ, ಒಂದು ಕಡೆ ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.